ಇಂಟರ್ನೆಟ್ ಫೋನ್ ಡಬ್ಬಿ ಕನೆಕ್ಟ್ ಆಗದಿದ್ದರೆ: ರೀಸೆಟ್ ಒತ್ತುವ ಮೊದಲು

ಕಲಬುರಗಿಯ ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವವರು ಹಿರಿಯರು ಮಾತ್ರ. ಮಕ್ಕಳು ಹೈದರಾಬಾದು, ಪುಣೆ, ಬೆಂಗಳೂರು, ಕೆಲವರು ದುಬೈ, ಅಮೆರಿಕ. ಬೆರಳು ನಡುಗುವ, ಕಣ್ಣು ಮಂಜಾದ ಅಜ್ಜಿಗೆ ಟಚ್ ಸ್ಕ್ರೀನ್ ಒಗ್ಗುವುದಿಲ್ಲ. ಗುಂಡಿ ಒತ್ತುವ ಹಳೆಯ ಫೋನೇ ಅವರಿಗೆ ಸಲೀಸು. ಆ ಫೋನನ್ನು ಇಂಟರ್ನೆಟ್‌ಗೆ ಜೋಡಿಸುವ ಅಂಗೈಯಗಲದ ಪೆಟ್ಟಿಗೆಗೆ ಅನಲಾಗ್ ಟೆಲಿಫೋನ್ ಅಡಾಪ್ಟರ್, ಚಿಕ್ಕದಾಗಿ ಎಟಿಎ ಎನ್ನುತ್ತಾರೆ. ಕರೆಂಟಿನ ಅಡಾಪ್ಟರ್ ಜತೆ ಗೊಂದಲವಾಗದಿರಲಿ ಎಂದು ಇಲ್ಲಿ ಇದನ್ನು ಡಬ್ಬಿ ಎಂದೂ, ಅದನ್ನು ಚಾರ್ಜರ್ ಎಂದೂ ಕರೆಯುತ್ತೇನೆ.

ಈ ಡಬ್ಬಿ ಒಂದು ದಿನ ಕೈಕೊಟ್ಟು, "ಲೈಟ್ ಹತ್ತೇದ ಖರೆ, ಫೋನ್ ಹತ್ತವಲ್ದು" ಎಂದು ಮನೆಯವರು ಹೇಳಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಪಿನ್ ತೂರಿಸಿ ರೀಸೆಟ್ ಒತ್ತುವುದು. ದಯವಿಟ್ಟು ಅದನ್ನು ಮಾಡಬೇಡಿ. ರೀಸೆಟ್ ಒತ್ತಿದರೆ ಸರ್ವರ್ ಹೆಸರು, ಬಳಕೆದಾರ ಸಂಖ್ಯೆ, ಪಾಸ್‌ವರ್ಡ್ ಎಲ್ಲವೂ ಅಳಿಸಿಹೋಗುತ್ತವೆ. ಮಗ ಯಾವತ್ತೋ ರಜೆಗೆ ಬಂದಾಗ ಹಾಕಿಹೋದ ಪಾಸ್‌ವರ್ಡ್ ಅವನಿಗೂ ನೆನಪಿರುವುದಿಲ್ಲ. ಡಬ್ಬಿಯ ಪುಟದಲ್ಲಿ ಅದು ಬರೀ ಚುಕ್ಕಿಗಳಾಗಿ ಕಾಣುವುದರಿಂದ ಮೊದಲೇ ನೋಡಿ ಬರೆದಿಟ್ಟುಕೊಳ್ಳಲೂ ಆಗದು. ಸಣ್ಣ ತೊಂದರೆ ದೊಡ್ಡದಾಗುವುದು ಹೀಗೆ.

ಕರೆ ಸಾಗುವ ದಾರಿ ಇಷ್ಟು: ಫೋನು, ಡಬ್ಬಿ, ರೂಟರ್, ಫೈಬರ್, ಆಮೇಲೆ ಕಂಪನಿಯ ಸರ್ವರ್. ಎಲ್ಲಿ ತುಂಡಾಗಿದೆ ಎಂದು ಗೊತ್ತಾದರೆ ರಿಪೇರಿ ಅರ್ಧ ಮುಗಿದಂತೆ. ಹುಡುಕಾಟವನ್ನು ಫೋನಿನ ಕಡೆಯಿಂದ ಶುರು ಮಾಡಿ.

ಮೊದಲು ನಿಮ್ಮಲ್ಲಿರುವುದು ಯಾವುದೆಂದು ನೋಡಿಕೊಳ್ಳಿ

ಎರಡು ಬಗೆಯಿವೆ. ಒಂದು, ಫೈಬರ್ ಕಂಪನಿಯವರು ಗೋಡೆಗೆ ಹಾಕಿಹೋದ ಮೋಡೆಮ್‌ನಲ್ಲೇ (ಒಎನ್‌ಟಿ) ಫೋನ್ ಸಾಕೆಟ್ ಇರುವುದು. ನಂಬರು 08472ರಿಂದ ಶುರುವಾಗುವ ಕಲಬುರಗಿಯದೋ, 08482ರ ಬೀದರಿನದೋ, 08473ರ ಯಾದಗಿರಿಯದೋ ಆಗಿದ್ದರೆ ಬಹುತೇಕ ಇದೇ. ಇದರ ಧ್ವನಿ ಸೆಟ್ಟಿಂಗ್ ಕಂಪನಿಯ ಕೈಯಲ್ಲಿರುತ್ತದೆ. ಮೋಡೆಮ್ ಮೇಲೆ ಟೆಲ್, ಫೋನ್ ಅಥವಾ ಪಾಟ್ಸ್ ಎಂದು ಬರೆದ ದೀಪ ನೋಡಿ. ಇಂಟರ್ನೆಟ್ ಸರಿಯಾಗಿದ್ದು ಈ ದೀಪ ಮಾತ್ರ ಆರಿದ್ದರೆ ನೀವು ಒಳಗೆ ಕೈ ಹಾಕುವ ಅಗತ್ಯವಿಲ್ಲ. "ನೆಟ್ ಬರ್ತಾ ಇದೆ, ವಾಯ್ಸ್ ರಿಜಿಸ್ಟರ್ ಆಗ್ತಿಲ್ಲ" ಎಂದು ಇಷ್ಟೇ ಮಾತಲ್ಲಿ ದೂರು ಕೊಡಿ. ಬರೀ "ಫೋನ್ ಬಂದ್ ಆಗಿದೆ" ಎಂದರೆ ಲೈನ್‌ಮನ್ ಬಂದು ಫೈಬರ್ ನೋಡಿ, ನೆಟ್ ಇದೆಯಲ್ಲ ಎಂದು ಹೋಗುತ್ತಾರೆ. ಈ ಮೋಡೆಮ್‌ಗಂತೂ ರೀಸೆಟ್ ಒತ್ತಲೇಬೇಡಿ, ಫೋನಿನ ಜತೆ ಇಂಟರ್ನೆಟ್ಟೂ ಹೋಗಬಹುದು.

ಎರಡನೆಯದು, ರೂಟರ್‌ಗೆ ಲ್ಯಾನ್ ಕೇಬಲ್ ಹಾಕಿ ಜೋಡಿಸುವ ಪ್ರತ್ಯೇಕ ಡಬ್ಬಿ. ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801, ಎಚ್‌ಟಿ802, ಸಿಸ್ಕೋದ ಎಸ್‌ಪಿಎ112 ಇಂಥವು. ವಿದೇಶದ ಮಕ್ಕಳು ತಂದುಕೊಡುವುದೂ ಇದನ್ನೇ. ಮುಂದಿನ ಮಾತೆಲ್ಲ ಹೆಚ್ಚಾಗಿ ಇದರದ್ದು.

ರಿಸೀವರ್ ಎತ್ತಿ, ಡಬ್ಬಿಯನ್ನು ಮಾತಾಡಿಸಿ

ಟೋನ್ ಇಲ್ಲವೆಂದರೆ ಫೋನು ಕೆಟ್ಟಿದೆ ಎಂದುಕೊಳ್ಳಬೇಡಿ. ಸರ್ವರ್‌ನಲ್ಲಿ ನೋಂದಣಿ (ರಿಜಿಸ್ಟರ್, ಅಂದರೆ ಡಬ್ಬಿ ಖಾತೆಯ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರಿಕೊಳ್ಳುವುದು) ಆಗದಿದ್ದರೆ ಕೆಲವು ಡಬ್ಬಿಗಳು ಟೋನನ್ನೇ ಕೊಡುವುದಿಲ್ಲ, ಕೆಲವು ಬಿಜಿ ಟೋನ್ ಕೊಡುತ್ತವೆ. ಇದಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿದೆ. ಎಚ್‌ಟಿ801 ಆದರೆ ರಿಸೀವರ್ ಎತ್ತಿ ಸ್ಟಾರ್ ಗುಂಡಿಯನ್ನು ಮೂರು ಸಲ ಒತ್ತಿ. ಒಳಗಿನಿಂದ ಇಂಗ್ಲಿಷಿನಲ್ಲಿ ಒಂದು ಹೆಣ್ಣು ದನಿ ಮೆನು ಕೇಳುತ್ತದೆ. ಎಸ್‌ಪಿಎ112ರಲ್ಲಿ ಸ್ಟಾರ್ ನಾಲ್ಕು ಸಲ. ಈ ದನಿಗೆ ಇಂಟರ್ನೆಟ್ ಬೇಡ. ಅದು ಕೇಳಿಸಿತು ಎಂದರೆ ಫೋನು, ಫೋನಿನ ವೈರು, ಡಬ್ಬಿಯ ಕರೆಂಟು ಮೂರೂ ಸರಿ, ತೊಂದರೆ ರೂಟರ್ ಕಡೆ ಇದೆ.

ದನಿ ಬರದಿದ್ದರೆ ವೈರು ನೋಡಿ. ಫೋನಿನ ಸಣ್ಣ ಪ್ಲಗ್ ಡಬ್ಬಿಯ ಫೋನ್ 1 ಸಾಕೆಟ್‌ನಲ್ಲಿ ಇರಬೇಕು. ಎರಡು ಸಾಕೆಟ್ ಇರುವ ಡಬ್ಬಿಯಲ್ಲಿ ಧೂಳು ಒರೆಸುವಾಗ ಎರಡನೆಯದಕ್ಕೆ ಸೇರಿಬಿಡುವುದು ಸಾಮಾನ್ಯ, ಅಲ್ಲಿ ದನಿ ಕೇಳಿಸಿದರೂ ಖಾತೆ ಇರುವುದಿಲ್ಲ. ಪ್ಲಗ್‌ನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಅದು ಸಡಿಲಾಗಿ ಜಾರುತ್ತಿರುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಹೊಸ ವೈರು ಕೇಳಿ.

ಬ್ರಹ್ಮಪುರದ ಒಂದು ಹಳೆಯ ಮನೆಯಲ್ಲಿ ಟೋನ್ ಚೆನ್ನಾಗಿಯೇ ಬರುತ್ತಿತ್ತು, ಯಾವ ನಂಬರ್ ಒತ್ತಿದರೂ ಕರೆ ಹೋಗುತ್ತಿರಲಿಲ್ಲ. ಒತ್ತಿದಾಗ "ಪೀಂ" ಎನ್ನುವ ಬದಲು ಕಿವಿಯಲ್ಲಿ ಟಕ್ ಟಕ್ ಟಕ್ ಸದ್ದು. ಬೀಟೆಲ್ ಫೋನನ್ನು ಬೋರಲು ಹಾಕಿ ನೋಡಿದರೆ ಕೆಳಗೆ ಉಗುರಿನಷ್ಟು ಸ್ವಿಚ್, ಅದರ ಒಂದು ಕಡೆ ಟಿ, ಇನ್ನೊಂದು ಕಡೆ ಪಿ. ಧೂಳು ಒರೆಸುವ ಬಟ್ಟೆಗೆ ಸಿಕ್ಕು ಅದು ಪಿ ಕಡೆ ಸರಿದಿತ್ತು. ಪಿ ಅಂದರೆ ಹಳೆಯ ಕಾಲದ ಪಲ್ಸ್ ಡಯಲಿಂಗ್, ಹೆಚ್ಚಿನ ಡಬ್ಬಿಗಳಿಗೆ ಅದು ಅರ್ಥವಾಗುವುದಿಲ್ಲ. ಟಿ ಕಡೆ ಸರಿಸಿದ ಕೂಡಲೇ ಕರೆ ಹೋಯಿತು. ಅಂದಹಾಗೆ, ಸ್ಟಾರ್ ಒತ್ತಿದರೂ ಡಬ್ಬಿ ಮಾತಾಡದಿರುವುದಕ್ಕೆ ಇದೇ ಸ್ವಿಚ್ ಕಾರಣವಾಗಿರಬಹುದು.

ಹಳೆಯ ಲ್ಯಾಂಡ್‌ಲೈನ್ ಇದ್ದ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಗೋಡೆಯೊಳಗಿನ ಹಳೆಯ ತಾಮ್ರದ ವೈರಿಂಗನ್ನೇ ಬಳಸಿ ಎಲ್ಲ ಕೋಣೆಗೂ ಫೋನ್ ಕೊಡಲು ಡಬ್ಬಿಯಿಂದ ಒಂದು ವೈರನ್ನು ಗೋಡೆಯ ಸಾಕೆಟ್‌ಗೆ ಹಾಕುತ್ತಾರೆ. ಉಪಾಯ ಒಳ್ಳೆಯದೇ. ಆದರೆ ಹೊರಗಿನ ಕಂಬದಿಂದ ಬರುವ ಹಳೆಯ ಲೈನನ್ನು ಮೊದಲು ಪೂರ್ತಿ ಬಿಚ್ಚಿರಬೇಕು. ಎಕ್ಸ್‌ಚೇಂಜ್ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ರಿಂಗ್ ಬಂದಾಗ ಅದಕ್ಕಿಂತ ಹೆಚ್ಚು. ಅದು ಡಬ್ಬಿಯ ಫೋನ್ ಸಾಕೆಟ್‌ಗೆ ನುಗ್ಗಿದರೆ ಸಾಕೆಟ್ ಸುಟ್ಟುಹೋಗಬಹುದು. ಗೋಡೆಯ ವೈರಿಂಗ್ ಮೇಲೆ ಅನುಮಾನವಿದ್ದರೆ ಅದನ್ನು ಬಿಟ್ಟು ಒಂದೇ ಒಂದು ಫೋನನ್ನು ನೇರವಾಗಿ ಡಬ್ಬಿಗೆ ಹಾಕಿ ನೋಡಿ.

ಚಾರ್ಜರ್

ಎಚ್‌ಟಿ801ಗೆ ಬೇಕಾದದ್ದು 5 ವೋಲ್ಟ್, 1 ಆಂಪಿಯರ್. ಫೈಬರ್ ಮೋಡೆಮ್‌ಗಳು ಸಾಮಾನ್ಯವಾಗಿ 12 ವೋಲ್ಟ್. ದುಂಡು ಪಿನ್ನಿನ ಹಳೆಯ ಡಬ್ಬಿಗಳಲ್ಲಿ ಎರಡೂ ಚಾರ್ಜರ್ ಒಂದೇ ತೂತಿಗೆ ಹಿಡಿಸಿಬಿಡಬಹುದು, 12 ವೋಲ್ಟ್ ತಗುಲಿದರೆ ಡಬ್ಬಿ ಅಲ್ಲಿಗೇ ಮುಗಿಯಿತು. ಚಾರ್ಜರ್ ಮೇಲಿನ ಅಕ್ಷರ ಓದಿ, ಎರಡಕ್ಕೂ ಬಣ್ಣದ ಟೇಪ್ ಸುತ್ತಿಡಿ. ಎಲ್ಲೋ ಬಿದ್ದಿದ್ದ ಹಳೆಯ ಮೊಬೈಲ್ ಚಾರ್ಜರ್ ಹಾಕಿದರೆ ದೀಪವೇನೋ ಹತ್ತುತ್ತದೆ, ಆದರೆ ರಿಂಗ್ ಆಗುವಾಗಲೇ ಡಬ್ಬಿ ಆರಿ ಮತ್ತೆ ಶುರುವಾಗುತ್ತದೆ. ಗಂಟೆ ಬಾರಿಸಲು ಹೆಚ್ಚು ಕರೆಂಟು ಬೇಕು, ಸೊರಗಿದ ಚಾರ್ಜರ್ ಅಲ್ಲಿ ಸೋಲುತ್ತದೆ.

ಕರೆಂಟು ಹೋಗಿ ಬಂದ ಮೇಲೆ

ನಮ್ಮ ಕಡೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಇದೇ. ಕರೆಂಟು ವಾಪಸ್ ಬಂದಾಗ ಮೂರೂ ಯಂತ್ರ ಒಟ್ಟಿಗೆ ಏಳುತ್ತವೆ. ಡಬ್ಬಿ ಅರ್ಧ ನಿಮಿಷದಲ್ಲಿ ಸಿದ್ಧ, ಫೈಬರ್ ಮೋಡೆಮ್‌ಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಡಬ್ಬಿ ಸರ್ವರನ್ನು ಕೂಗುತ್ತದೆ, ಉತ್ತರ ಸಿಗುವುದಿಲ್ಲ, ಕೆಲವು ಡಬ್ಬಿಗಳು ಮತ್ತೆ ಪ್ರಯತ್ನಿಸಲು ಬಹಳ ಹೊತ್ತು ಕಾಯುತ್ತವೆ. ಹಾಗಾಗಿ ಎಲ್ಲವನ್ನೂ ಆರಿಸಿ. ಮೊದಲು ಮೋಡೆಮ್ ಹಾಕಿ, ಇಂಟರ್ನೆಟ್ ದೀಪ ನಿಂತು ಉರಿಯುವವರೆಗೆ ಕಾಯಿರಿ. ನಂತರ ಬೇರೆ ರೂಟರ್ ಇದ್ದರೆ ಅದು, ಎರಡು ನಿಮಿಷ ಬಿಟ್ಟು ಡಬ್ಬಿ. ಈ ಕ್ರಮವೊಂದರಿಂದಲೇ ಸರಿಹೋಗುವ ಮನೆಗಳು ಎಷ್ಟೋ. ಅಜ್ಜಿಗೂ ಕಲಿಸಬಹುದಾದ ರಿಪೇರಿ ಇದು. ಪ್ಲಗ್‌ಗಳ ಮೇಲೆ ದೊಡ್ಡದಾಗಿ 1, 2, 3 ಎಂದು ಬರೆದುಕೊಡಿ.

ಇಂಟರ್ನೆಟ್ ನಿಜಕ್ಕೂ ಇದೆಯೇ?

ಮೊಬೈಲ್‌ನಲ್ಲಿ ಯೂಟ್ಯೂಬ್ ಓಡಿದ ಮಾತ್ರಕ್ಕೆ ಮನೆಯ ನೆಟ್ ಇದೆ ಎಂದಾಗದು. ಮೊಬೈಲ್ ಡೇಟಾ ಬಂದ್ ಮಾಡಿ, ವೈಫೈ ಒಂದರಲ್ಲೇ ನೋಡಿ. ಪ್ಲಾನ್ ಮುಗಿದು ರೀಚಾರ್ಜ್ ಪುಟ ಬರುತ್ತಿದೆಯೇ ಎಂದೂ ನೋಡಿ. ಮೋಡೆಮ್ ಮೇಲೆ ಲಾಸ್ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ: ಎಲ್ಲೋ ಜೆಸಿಬಿ ಅಗೆದಿದೆ, ಇಲಿ ಕಡಿದಿದೆ, ಅಥವಾ ಮೇಜಿನ ಹಿಂದೆ ತಂತಿ ಮಡಚಿ ಸಿಕ್ಕಿಬಿದ್ದಿದೆ. ಮಡಿಕೆ ಬಿಡಿಸಿ. ಫೈಬರ್‌ನ ಹಸಿರು ತುದಿಯನ್ನು ಎಳೆದು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಅದರ ಬೆಳಕು ಕಾಣುವುದಿಲ್ಲ, ಕಣ್ಣಿಗೆ ಹಾನಿ.

ನೆಟ್ ಇದ್ದರೆ ಅದು ಡಬ್ಬಿಗೆ ತಲುಪಿದೆಯೇ ಎಂದು ಡಬ್ಬಿಯನ್ನೇ ಕೇಳಿ. ಎಚ್‌ಟಿ801ರಲ್ಲಿ ಮೂರು ಸ್ಟಾರ್ ಆದ ಮೇಲೆ 02 ಒತ್ತಿದರೆ ಐಪಿ ವಿಳಾಸ (ಮನೆಯ ನೆಟ್‌ನಲ್ಲಿ ಡಬ್ಬಿಗೆ ಸಿಕ್ಕ ಅಂಕಿಗಳ ವಿಳಾಸ) ಹೇಳುತ್ತದೆ, ಎಸ್‌ಪಿಎ112ರಲ್ಲಿ ನಾಲ್ಕು ಸ್ಟಾರ್ ಆದ ಮೇಲೆ 110 ಮತ್ತು ಹ್ಯಾಶ್. 192.168 ಎಂದು ಶುರುವಾದರೆ ರೂಟರ್ ವಿಳಾಸ ಕೊಟ್ಟಿದೆ ಎಂದರ್ಥ. 0.0.0.0 ಅಥವಾ 169.254 ಎಂದು ಹೇಳಿದರೆ ಕೊಟ್ಟಿಲ್ಲ. ಆಗ ಲ್ಯಾನ್ ಕೇಬಲ್ ಬದಲಿಸಿ, ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ. ಲ್ಯಾನ್, ವ್ಯಾನ್ ಎಂಬ ಎರಡು ಪೋರ್ಟ್ ಇರುವ ಡಬ್ಬಿಯಾದರೆ ರೂಟರ್‌ನಿಂದ ಬಂದ ಕೇಬಲ್ ವ್ಯಾನ್‌ಗೇ ಹೋಗಬೇಕು.

ಇಲ್ಲಿ ಒಂದು ಮಾತು. ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ ವೈಫೈ ಒಂದು ಕೋಣೆ ದಾಟುವುದೇ ಕಷ್ಟ. ಫೋನು ಪಡಸಾಲೆಯಲ್ಲಿ ಬೇಕೆಂದು ಡಬ್ಬಿಯನ್ನು ಅಲ್ಲಿಗೆ ಒಯ್ದು, ವೈಫೈ ಎಕ್ಸ್‌ಟೆಂಡರ್‌ಗೆ ಜೋಡಿಸುವವರಿದ್ದಾರೆ. ಕರೆ ಕಟ್ ಆಗುವುದು, ಮಾತು ತುಂಡಾಗುವುದು ಅಲ್ಲಿಂದಲೇ ಶುರು. ಡಬ್ಬಿ ರೂಟರ್ ಪಕ್ಕದಲ್ಲೇ ಕೇಬಲ್‌ಗೆ ಅಂಟಿಕೊಂಡಿರಲಿ, ಫೋನಿನ ತೆಳು ವೈರನ್ನು ಪಡಸಾಲೆಯವರೆಗೆ ಎಳೆಯಿರಿ. ಅದು ಅಗ್ಗ, ಉದ್ದ ಎಳೆದರೂ ಕೆಲಸ ಮಾಡುತ್ತದೆ. ಸ್ಪೀಡ್ ಹೆಚ್ಚಿನ ಪ್ಲಾನ್ ತಗೊಳ್ಳಿ ಎನ್ನುವವರ ಮಾತಿಗೂ ಮರುಳಾಗಬೇಡಿ. ದನಿಯನ್ನು ಅಂಕಿಗಳಾಗಿ ಬದಲಿಸುವ ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಒಂದೊಂದು ದಿಕ್ಕಿಗೆ ಹೆಚ್ಚೆಂದರೆ ಸುಮಾರು 90 ಕೆಬಿಪಿಎಸ್ (ಒಂದು ಎಂಬಿಪಿಎಸ್‌ನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ) ಸಾಕು.

ನೋಂದಣಿ ಪುಟ ಏನು ಹೇಳುತ್ತದೆ

ಡಬ್ಬಿ ಹೇಳಿದ ಐಪಿ ವಿಳಾಸವನ್ನು ಅದೇ ವೈಫೈಯಲ್ಲಿರುವ ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಹಾಕಿ. ಪಾಸ್‌ವರ್ಡ್ ಕೇಳುತ್ತದೆ, ಹೊಸ ಡಬ್ಬಿಗಳಲ್ಲಿ ಅದು ಅಡಿಯ ಸ್ಟಿಕ್ಕರ್ ಮೇಲಿರುತ್ತದೆ. ಸ್ಟೇಟಸ್ ಪುಟದಲ್ಲಿ ಫೋನ್ 1ರ ಎದುರು ರಿಜಿಸ್ಟರ್ಡ್ ಎಂದಿದೆಯೋ ಇಲ್ಲವೋ ನೋಡಿ. ಇಲ್ಲವೆಂದಿದ್ದರೆ ಕಾರಣ ಸಾಮಾನ್ಯವಾಗಿ ಮೂರಂಕಿಯ ಸಂಖ್ಯೆಯಲ್ಲಿರುತ್ತದೆ. ಕೆಲವು ಡಬ್ಬಿಗಳಲ್ಲಿ ಅದನ್ನು ಲಾಗ್ ಪುಟದಲ್ಲಿ ಹುಡುಕಬೇಕು.

408 ಎಂದರೆ ಸರ್ವರ್‌ನಿಂದ ಉತ್ತರವೇ ಬಂದಿಲ್ಲ. ಸರ್ವರ್ ಹೆಸರಿನಲ್ಲಿ ಅಕ್ಷರ ತಪ್ಪಿರಬಹುದು, ಡಿಎನ್‌ಎಸ್ ಕೆಲಸ ಮಾಡದಿರಬಹುದು (ಸರ್ವರ್ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ವ್ಯವಸ್ಥೆ ಅದು, ಡಬ್ಬಿಯ ಡಿಎನ್‌ಎಸ್ ಖಾನೆಯಲ್ಲಿ 8.8.8.8 ಹಾಕಿ ನೋಡಿ), ಅಥವಾ ಸಿಪ್ (ಕರೆ ಜೋಡಿಸುವ ಸಂದೇಶಗಳ ಪದ್ಧತಿ) ಬಳಸುವ 5060 ಪೋರ್ಟ್ (ಸಂದೇಶ ಹಾಯುವ ಬಾಗಿಲಿನ ಸಂಖ್ಯೆ) ದಾರಿಯಲ್ಲೆಲ್ಲೋ ತಡೆಯಲ್ಪಟ್ಟಿರಬಹುದು. ಫೋನ್ ಸೇವೆಯವರು ಬೇರೆ ಪೋರ್ಟ್ ಅಥವಾ 5061ರಲ್ಲಿ ಸಂದೇಶವನ್ನು ಗುಪ್ತವಾಗಿ ಕಳಿಸುವ ಟಿಎಲ್‌ಎಸ್ ಕೊಡುತ್ತಾರೆಯೇ ಎಂದು ಕೇಳಿ. ಟಿಎಲ್‌ಎಸ್ ಬಳಸುವಾಗ ಡಬ್ಬಿಯ ಗಡಿಯಾರ ಸರಿಯಿರಬೇಕು, ತಾರೀಖು ಎಷ್ಟೋ ವರ್ಷ ಹಿಂದಿನದಾಗಿದ್ದರೆ ಸರ್ವರ್‌ನ ಗುರುತಿನ ಸರ್ಟಿಫಿಕೇಟ್ ಒಪ್ಪಿಗೆಯಾಗುವುದಿಲ್ಲ.

401 ಒಮ್ಮೆ ಬಂದರೆ ಗಾಬರಿ ಬೇಡ, ಪಾಸ್‌ವರ್ಡ್ ಕೇಳುವ ಕ್ರಮವೇ ಅದು. ಮತ್ತೆ ಮತ್ತೆ ಬರುತ್ತಿದ್ದರೆ ಪಾಸ್‌ವರ್ಡ್ ಅಥವಾ ಅಥೆಂಟಿಕೇಟ್ ಐಡಿ ತಪ್ಪು. ಯೂಸರ್ ಐಡಿ, ಅಥೆಂಟಿಕೇಟ್ ಐಡಿ ಎರಡು ಬೇರೆ ಬೇರೆ ಖಾನೆಗಳು, ಒಂದನ್ನು ತುಂಬಿ ಇನ್ನೊಂದನ್ನು ಖಾಲಿ ಬಿಡುವವರು ಬಹಳ. ವಾಟ್ಸ್ಆ್ಯಪ್‌ನಿಂದ ಕಾಪಿ ಮಾಡಿ ಅಂಟಿಸಿದಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಳ್ಳುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ವ್ಯತ್ಯಾಸ ನೋಡಿ. ಊಹೆಯ ಮೇಲೆ ಪಾಸ್‌ವರ್ಡ್ ಹಾಕುತ್ತ ಹೋಗಬೇಡಿ, ಹಲವು ಸರ್ವರ್‌ಗಳು ತಪ್ಪು ಪ್ರಯತ್ನ ಹೆಚ್ಚಾದರೆ ನಿಮ್ಮ ಐಪಿಯನ್ನೇ ತಡೆಹಿಡಿಯುತ್ತವೆ.

403 ಬಂದರೆ ಸರ್ವರ್ ನಿಮ್ಮ ಮಾತು ಕೇಳಿಸಿಕೊಂಡು ಬೇಡವೆಂದಿದೆ: ಖಾತೆಯ ಹಣ ಮುಗಿದಿರಬಹುದು, ಖಾತೆ ನಿಂತಿರಬಹುದು, ಭಾರತದಿಂದ ಬರುವ ಸಂಪರ್ಕವನ್ನೇ ಅವರು ತಡೆದಿರಬಹುದು. ಇದು ಮನೆಯಲ್ಲಿ ಕೂತು ಬಗೆಹರಿಯುವ ತೊಂದರೆಯಲ್ಲ, ಸೇವೆಯವರಿಗೇ ಫೋನ್ ಮಾಡಬೇಕು. 404 ಎಂದರೆ ಯೂಸರ್ ಐಡಿ ಅವರ ಪಟ್ಟಿಯಲ್ಲಿಲ್ಲ.

ರಿಜಿಸ್ಟರ್ ಆಗಿದೆ, ಆದರೂ ಕರೆ ಬರುವುದಿಲ್ಲ

ಇದು ಎಲ್ಲಕ್ಕಿಂತ ಸಂಕಟದ್ದು. ಅಜ್ಜಿ ಇಲ್ಲಿಂದ ಫೋನ್ ಮಾಡಿದರೆ ಹೋಗುತ್ತದೆ, ಮೊಮ್ಮಗ ಅಲ್ಲಿಂದ ಮಾಡಿದರೆ ಗಂಟೆಯೇ ಬಾರಿಸುವುದಿಲ್ಲ. ಅಥವಾ ಗಂಟೆ ಬಾರಿಸುತ್ತದೆ, "ಹಲೋ ಹಲೋ ಅಂತೀನಿ, ಆ ಕಡೀ ದನೀನೇ ಕೇಳಂಗಿಲ್ಲ". ಎರಡಕ್ಕೂ ಮೂಲ ಸಾಮಾನ್ಯವಾಗಿ ರೂಟರ್‌ನ ಎನ್‌ಎಟಿ. ಮನೆಯ ಡಬ್ಬಿಗೆ ಹೊರಗಿನ ಪ್ರಪಂಚದಲ್ಲಿ ಸ್ವಂತ ವಿಳಾಸವಿಲ್ಲ. ಅದು ಹೊರಗೆ ಮಾತಾಡಿದಾಗ ರೂಟರ್ ಒಂದು ಕಿಂಡಿ ತೆರೆದು, ಸದ್ದಿಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಮುಚ್ಚಿಬಿಡುತ್ತದೆ. ಮುಚ್ಚಿದ ಮೇಲೆ ಬಂದ ಕರೆ ಹೊರಗೇ ನಿಲ್ಲುತ್ತದೆ.

ಮೊದಲು ರೂಟರ್ ಪುಟದಲ್ಲಿ ಸಿಪ್ ಎಎಲ್‌ಜಿ ಎಂಬುದನ್ನು ಹುಡುಕಿ ಆಫ್ ಮಾಡಿ. ಸೆಕ್ಯುರಿಟಿ, ಅಡ್ವಾನ್ಸ್ಡ್ ಅಥವಾ ಎನ್‌ಎಟಿ ಮೆನುವಿನೊಳಗೆ ಇರುತ್ತದೆ. ಸಿಪ್ ಕರೆಗಳಿಗೆ ಸಹಾಯವಾಗಲಿ ಎಂದು ಇಟ್ಟದ್ದು ಅದು, ಎಷ್ಟೋ ರೂಟರ್‌ಗಳಲ್ಲಿ ಸಂದೇಶದೊಳಗಿನ ವಿಳಾಸವನ್ನು ತಪ್ಪಾಗಿ ತಿದ್ದಿ ಕರೆಯನ್ನೇ ಕೆಡಿಸುತ್ತದೆ. ಆಫ್ ಮಾಡಿದ ಮೇಲೆ ರೂಟರ್, ನಂತರ ಡಬ್ಬಿ ಮತ್ತೆ ಚಾಲೂ ಮಾಡಿ. ಆಮೇಲೆ ಡಬ್ಬಿಯಲ್ಲಿ ಕೀಪ್ ಅಲೈವ್ ಆನ್ ಮಾಡಿ 20 ಅಥವಾ 30 ಸೆಕೆಂಡ್ ಹಾಕಿ, ಕಿಂಡಿ ಮುಚ್ಚಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಒಂದು ಕಡೆಯ ದನಿ ಮಾತ್ರ ಕೇಳುವ ತೊಂದರೆಗೆ ಸ್ಟನ್ ಸರ್ವರ್ (ಡಬ್ಬಿಗೆ ಅದರ ಹೊರವಿಳಾಸ ತಿಳಿಸುವ ಸರ್ವರ್) ಹಾಕುವುದು ಹಲವು ಸಲ ಫಲ ಕೊಡುತ್ತದೆ, ಅದರ ವಿಳಾಸವನ್ನು ಸೇವೆಯವರೇ ಕೊಡುತ್ತಾರೆ.

ಇಷ್ಟಾದರೂ ಸರಿಹೋಗದಿದ್ದರೆ ರೂಟರ್‌ನ ವ್ಯಾನ್ ಐಪಿ (ಹೊರಗಿನ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾದರೆ ಇಂಟರ್ನೆಟ್ ಕಂಪನಿ ಹಲವು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸಿದೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ (ರೂಟರ್‌ನಲ್ಲಿ ಡಬ್ಬಿಗೆ ಕಾಯಂ ಕಿಂಡಿ ತೆರೆದಿಡುವುದು) ಮಾಡಿ ಪ್ರಯೋಜನವಿಲ್ಲ, ಸಮಯ ಹಾಳು. ಡಬ್ಬಿಯಲ್ಲಿ ಸಂದೇಶ ಸಾಗಿಸುವ ವಿಧಾನವನ್ನು ಯುಡಿಪಿ ಬದಲು ಟಿಸಿಪಿ ಅಥವಾ ಟಿಎಲ್‌ಎಸ್‌ಗೆ ಬದಲಾಯಿಸಿ ನೋಡಿ, ಅದೂ ಆಗದಿದ್ದರೆ ಕಂಪನಿಯಿಂದ ಸ್ಟ್ಯಾಟಿಕ್ ಐಪಿ (ನಿಮ್ಮ ಮನೆಗೇ ಮೀಸಲಾದ ಹೊರವಿಳಾಸ) ಕೇಳಿ. ಅದಕ್ಕೆ ಬೇರೆ ಶುಲ್ಕವಿರುತ್ತದೆ.

08472ರಂಥ ಸ್ಥಳೀಯ ನಂಬರಿನಿಂದ ಮೊಬೈಲ್‌ಗೆ ಮಾತ್ರ ಕರೆ ಹೋಗದಿದ್ದರೆ ಕೆಟ್ಟದ್ದು ಏನೂ ಇರದಿರಬಹುದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡುವಾಗ ಮುಂದೆ 0 ಒತ್ತಬೇಕು.

ಬೆಳಿಗ್ಗೆ ಸರಿ, ಮಧ್ಯಾಹ್ನ ಬಂದ್

ಏಪ್ರಿಲ್, ಮೇ ತಿಂಗಳಲ್ಲಿ ಹೀಗಾದರೆ ಬಿಸಿಲನ್ನೇ ಅನುಮಾನಿಸಿ. ಎಚ್‌ಟಿ801ರ ಕೆಲಸದ ಮಿತಿ 40 ಡಿಗ್ರಿ ಸೆಲ್ಸಿಯಸ್. ಕಲಬುರಗಿಯ ಬೇಸಿಗೆ ಆ ಮಿತಿಯನ್ನು ಎಷ್ಟೋ ದಿನ ದಾಟುತ್ತದೆ, ತಗಡಿನ ಚಾವಣಿಯ ಕೆಳಗೆ, ಟಿವಿ ಹಿಂದೆ, ಬಿಸಿಯಾದ ಮೋಡೆಮ್ ಮೇಲೆ ಇಟ್ಟ ಡಬ್ಬಿಗೆ ಇನ್ನೂ ಹೆಚ್ಚು. ಕೆಳಗಿಳಿಸಿ, ಗಾಳಿಯಾಡುವ ಕಡೆ ಗೋಡೆಗೆ ಹಾಕಿ. ಬಟ್ಟೆ ಮುಚ್ಚಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಚಾರ್ಜರ್, ಲ್ಯಾನ್ ಕೇಬಲ್, ಫೋನ್ ವೈರು ಮೂರನ್ನೂ ತೆಗೆದಿಡಿ.

ಈಗ ಬೇಕಾದರೆ ರೀಸೆಟ್

ಎಲ್ಲ ನೋಡಿ ಆದ ಮೇಲೂ ಆಗದಿದ್ದರೆ ಮೊದಲು ಪಾಸ್‌ವರ್ಡ್ ತರಿಸಿಕೊಳ್ಳಿ, ಪ್ರತಿ ಸೆಟ್ಟಿಂಗ್ ಪುಟದ ಫೋಟೋ ತೆಗೆಯಿರಿ, ಆಮೇಲೆ ರೀಸೆಟ್ ಒತ್ತಿ. ಕೆಲವು ಸೇವೆಗಳ ಡಬ್ಬಿಗಳು ಆ ಸೇವೆಗೆ ಮಾತ್ರ ಕೆಲಸ ಮಾಡುವಂತೆ ಬೀಗ ಹಾಕಿದಂಥವು. ಅವು ನೆಟ್ ಸಿಕ್ಕ ಕೂಡಲೇ ಸೆಟ್ಟಿಂಗನ್ನು ತಾವೇ ಇಳಿಸಿಕೊಳ್ಳುತ್ತವೆ, ಬೇರೆ ಸೇವೆಗೆ ಬಳಸಲು ಬರುವುದಿಲ್ಲ.

ಇಂಟರ್ನೆಟ್ ಕಂಪನಿಗೆ ದೂರು ಕೊಡುವುದಾದರೆ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದುಕೊಳ್ಳದೆ ಫೋನ್ ಇಡಬೇಡಿ. ಯಾವ ದೀಪ ಆರಿದೆ, ಡಬ್ಬಿಯ ಐಪಿ ಏನು, ಯಾವ ಮೂರಂಕಿ ಬಂತು ಎಂದು ಹೇಳಿ. ದೂರು ಬಗೆಹರಿಸದೆ ಮುಚ್ಚಿದರೆ ಪ್ರತಿ ಟೆಲಿಕಾಂ ಕಂಪನಿಯಲ್ಲೂ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದಂತೆ ಇದಕ್ಕೆ ಶುಲ್ಕವಿಲ್ಲ, ಡಾಕೆಟ್ ನಂಬರ್ ಮಾತ್ರ ಬೇಕು.

ಫೋನ್ ಹತ್ತಿತು ಎಂದ ಕೂಡಲೇ ಎದ್ದು ಹೋಗಬೇಡಿ. ಅರ್ಧ ಗಂಟೆ ಫೋನ್ ಮುಟ್ಟದೆ ಬಿಟ್ಟು ಹೊರಗಿನಿಂದ ಒಂದು ಕರೆ ಮಾಡಿಸಿ, ಎರಡೂ ಕಡೆ ದನಿ ಕೇಳುತ್ತಿದೆಯೇ ನೋಡಿ. ಕಿಂಡಿ ಮುಚ್ಚಿಕೊಳ್ಳುವ ತೊಂದರೆ ಉಳಿದಿದ್ದರೆ ಆಗಲೇ ಗೊತ್ತಾಗುವುದು. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟು ಬರುತ್ತಿದ್ದರಿಂದ ಮನೆಯ ದೀಪ ಹೋದರೂ ಫೋನು ಜೀವಂತವಿರುತ್ತಿತ್ತು. ಈ ಡಬ್ಬಿಗೆ ಆ ಆಸರೆಯಿಲ್ಲ. 12 ವೋಲ್ಟ್ ಮತ್ತು 5 ವೋಲ್ಟ್ ಎರಡೂ ಕೊಡುವ ಮಿನಿ ಯುಪಿಎಸ್ ಒಂದನ್ನು ಮೋಡೆಮ್ ಮತ್ತು ಡಬ್ಬಿಗೆ ಸೇರಿಸಿ ಹಾಕಿ. ವಿದೇಶಿ ನಂಬರಿನ ಡಬ್ಬಿಯಿಂದ ಒತ್ತಿದ 112 ಇಲ್ಲಿಯ ಪೊಲೀಸರಿಗೋ ಆಂಬುಲೆನ್ಸ್‌ಗೋ ತಲುಪುತ್ತದೆಂದು ನಂಬಬೇಡಿ. ಹಿರಿಯರ ಕೈಗೆ ಸಿಗುವ ಹಾಗೆ ಚಾರ್ಜ್ ಆದ ಗುಂಡಿ ಮೊಬೈಲ್ ಒಂದನ್ನು ಫೋನಿನ ಪಕ್ಕದಲ್ಲೇ ಇಡಿ.